ದೆಹಲಿ ರಿಡ್ಜ್ ತುಂಬ ಬಳ್ಳಾರಿ ಜಾಲಿ: ಕಡಿದರಷ್ಟೇ ಹಳೆಯ ಕಾಡು ಮರಳುವುದೇ?

ನವದೆಹಲಿ: ರಾಷ್ಟ್ರಪತಿ ಭವನದ ಹಿಂದೆ ಹಬ್ಬಿರುವ ಸೆಂಟ್ರಲ್ ರಿಡ್ಜ್ ದೂರದಿಂದ ನೋಡಿದರೆ ದಟ್ಟ ಕಾಡು. ಒಳಹೊಕ್ಕರೆ ಎದುರಾಗುವುದು ಬಹುತೇಕ ಒಂದೇ ಮರ: ವಿಲಾಯತಿ ಕೀಕರ್. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಕರ್ನಾಟಕದ ಬಯಲುಸೀಮೆಯ ಬಳ್ಳಾರಿ ಜಾಲಿ, ತಮಿಳುನಾಡಿನ ಸೀಮೈ ಕರುವೇಲಂ ಎರಡೂ ಇದೇ.

ಬಂದಿದ್ದು ಹೇಗೆ?

ಅಮೆರಿಕ ಖಂಡ ಮೂಲದ ಈ ಮರ ಭಾರತಕ್ಕೆ ಬಂದಿದ್ದು 1870ರ ದಶಕದಲ್ಲಿ. 1911ರಲ್ಲಿ ರಾಜಧಾನಿಯನ್ನು ಕೋಲ್ಕತ್ತಾದಿಂದ ದೆಹಲಿಗೆ ವರ್ಗಾಯಿಸುವ ಘೋಷಣೆಯಾದಾಗ ರಿಡ್ಜ್‌ನ ಬಹುಭಾಗ ಬೋಳಾಗಿತ್ತು. ಸುತ್ತಲಿನ ಹಳ್ಳಿಗಳ ದನ, ಮೇಕೆ ಮೇಯುತ್ತಿದ್ದುದು ಅಲ್ಲೇ, ಸೌದೆ ತರುತ್ತಿದ್ದುದೂ ಅಲ್ಲಿಂದಲೇ. ಅರಾವಳಿಯ ಕೊನೆಯ ಚಾಚಾಗಿರುವ ಈ ಗುಡ್ಡದಲ್ಲಿ ಬಂಡೆಯ ಮೇಲೆ ತೆಳು ಮಣ್ಣು, ಮಳೆಯೂ ಕಡಿಮೆ. ಇಲ್ಲಿನ ಧೌ, ಮುತ್ತುಗದಂಥ ಮರಗಳು ನಿಧಾನವಾಗಿ ಬೆಳೆದು, ಒಣ ತಿಂಗಳುಗಳಲ್ಲಿ ಎಲೆ ಉದುರಿಸುತ್ತವೆ. ಹೊಸ ರಾಜಧಾನಿಗೆ ಹಸಿರು ಹಿನ್ನೆಲೆ ಬಯಸಿದ ಬ್ರಿಟಿಷ್ ಆಡಳಿತ, ಬೇಗ ಬೆಳೆಯುವ ಕೀಕರ್ ನೆಡಿಸಿತು.

ಮುಂದಿನ ಕೆಲಸವನ್ನು ಮರವೇ ಮಾಡಿತು. ಜಾನುವಾರು ಇದರ ಎಲೆ ಮುಟ್ಟುವುದಿಲ್ಲ, ಕಾಯಿ ಮಾತ್ರ ತಿನ್ನುತ್ತವೆ. ಸಗಣಿಯೊಂದಿಗೆ ಬೀಜ ಹರಡುತ್ತದೆ. ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಹೀಗೆ ಇಂದಿನ ಕಾಡಿನಲ್ಲಿ ಯಾವ ಮರವಿದೆ ಎಂಬುದನ್ನು ನೂರು ವರ್ಷದ ಹಿಂದಿನ ಮೇವು, ಸೌದೆ ಮತ್ತು ಒಂದು ಸರ್ಕಾರಿ ತೀರ್ಮಾನ ಸೇರಿ ನಿರ್ಧರಿಸಿವೆ.

ಲೆಕ್ಕದಲ್ಲಿ ಎಲ್ಲವೂ ಹಸಿರು

ಒಂದು ಹೆಕ್ಟೇರ್ ಅಥವಾ ಹೆಚ್ಚಿನ ಜಾಗದಲ್ಲಿ ಮರಗಳ ನೆತ್ತಿ ಕನಿಷ್ಠ ಶೇ 10ರಷ್ಟು ನೆಲ ಮುಚ್ಚಿದ್ದರೆ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಅದನ್ನು ಅರಣ್ಯ ಹೊದಿಕೆ ಎಂದು ಎಣಿಸುತ್ತದೆ. ಮರ ಯಾವುದು ಎಂಬ ಪ್ರಶ್ನೆ ಅಲ್ಲಿಲ್ಲ. ಹಾಗಾಗಿ ಕೀಕರ್ ತೆಗೆದರೆ ಅಂಕಿ-ಅಂಶದಲ್ಲಿ ಹಸಿರು ಕುಸಿಯುತ್ತದೆ, ಉಳಿಸಿಕೊಂಡರೆ ಸ್ಥಳೀಯ ಸಸ್ಯಗಳಿಗೆ ಜಾಗವಿಲ್ಲ.

ಇದಕ್ಕೆ ಮಧ್ಯದ ದಾರಿಯೊಂದು ನಗರದಲ್ಲೇ ಇದೆ. ವಸಂತ್ ವಿಹಾರ್ ಬಳಿಯ ಅರಾವಳಿ ಜೀವವೈವಿಧ್ಯ ಉದ್ಯಾನ ಒಂದು ಕಾಲದಲ್ಲಿ ಗಣಿ ಅಗೆದು ಬಿಟ್ಟ ಜಾಗ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮತ್ತು ದೆಹಲಿ ವಿಶ್ವವಿದ್ಯಾಲಯದ ತಜ್ಞರು ಅಲ್ಲಿ ಕೀಕರ್ ಅನ್ನು ಒಮ್ಮೆಲೇ ಬುಡಸಮೇತ ಕೀಳಲಿಲ್ಲ. ಕೊಂಬೆ ಸವರಿ ಬೆಳಕು ಬಿಟ್ಟು, ಕೆಳಗೆ ಅರಾವಳಿಯದೇ ಸಸ್ಯಗಳನ್ನು ಬೆಳೆಸಿದರು. ಅವು ಮೇಲೆದ್ದಂತೆ ಕೀಕರ್ ಹಿಂದೆ ಸರಿಯುತ್ತದೆ.

ಈ ಕ್ರಮಕ್ಕೆ ವರ್ಷಗಳ ತಾಳ್ಮೆ ಬೇಕು. ವನಮಹೋತ್ಸವದ ದಿನ ನೆಟ್ಟ ಸಸಿಗಳ ಸಂಖ್ಯೆಯಿಂದ ಅದನ್ನು ಅಳೆಯಲಾಗದು. ರಸ್ತೆ, ಕಟ್ಟಡಕ್ಕಾಗಿ ಕಡಿದ ಮರಗಳಿಗೆ ಬದಲಾಗಿ ಬೇರೆಡೆ ಸಸಿ ನೆಡುವ ಯೋಜನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಎಷ್ಟು ಸಸಿ ಎನ್ನುವ ಮೊದಲು ಆ ನೆಲದಲ್ಲಿ ಹಿಂದೆ ಏನಿತ್ತು, ಮಣ್ಣು ಈಗ ಏನನ್ನು ತಾಳಬಲ್ಲದು ಎಂದು ಕೇಳಬೇಕು. ಇಲ್ಲದಿದ್ದರೆ ಬೇಗ ಹಸಿರು ಕಾಣುವ ಆತುರದಲ್ಲಿ ಆದ ಹಳೆಯ ತಪ್ಪು ಮತ್ತೊಂದು ಮರದ ಹೆಸರಿನಲ್ಲಿ ಮರುಕಳಿಸುತ್ತದೆ.