ಕನ್ನಡ ಟೈಪ್ ಮಾಡಲು ವಿಂಡೋಸೇ ಬೇಕೆ?

‘ಅರ್ಜಿಯನ್ನು ನುಡಿಯಲ್ಲಿ ಟೈಪ್ ಮಾಡಿ ಕಳಿಸಿ. ನುಡಿ ಇಲ್ಲದವರು ಡೌನ್‌ಲೋಡ್ ಮಾಡಿ, ಸೆಟಪ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ.’ ಇಂಥ ಸೂಚನೆ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಂದು ಮಾತು ಬಿಟ್ಟುಹೋಗಿದೆ: ಆ ಸೆಟಪ್ ಫೈಲ್ ನಡೆಯುವುದು ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ. ಬರೆದವರ ಮೇಜಿನ ಮೇಲೆ ವಿಂಡೋಸ್ ಇತ್ತು, ಎಲ್ಲರ ಬಳಿಯೂ ಅದೇ ಇದೆ ಎಂದುಕೊಂಡರು.

ಶೇಡಬಾಳದ ಒಬ್ಬ ವಿದ್ಯಾರ್ಥಿನಿಯ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಒಂದೇ ಇದೆ ಎಂದಿಟ್ಟುಕೊಳ್ಳಿ. ಫೈಲ್ ತೆರೆಯುವುದಿಲ್ಲ. ಕಾಗವಾಡಕ್ಕೋ ಮಿರಜಕ್ಕೋ ಹೋಗಿ ದುಡ್ಡು ಕೊಟ್ಟು ಟೈಪ್ ಮಾಡಿಸಬೇಕು. ಇಲ್ಲವೇ ಯಾವುದೋ ಗೊತ್ತಿಲ್ಲದ ಜಾಲತಾಣದಿಂದ ಅದೇ ಹೆಸರಿನ ಎಪಿಕೆ ಹುಡುಕಿ ಹಾಕಿಕೊಳ್ಳಬೇಕು. ಅಪಾಯ ಇರುವುದು ಇಲ್ಲೇ. ಕೀಬೋರ್ಡ್ ಆ್ಯಪ್‌ಗೆ ನೀವು ಒತ್ತುವ ಪ್ರತಿ ಅಕ್ಷರವೂ ಕಾಣುತ್ತದೆ, ಪಾಸ್‌ವರ್ಡ್ ಕೂಡ. ಹೊಸ ಕೀಬೋರ್ಡ್ ಹಾಕುವಾಗ ಆಂಡ್ರಾಯ್ಡ್ ಈ ಎಚ್ಚರಿಕೆ ತೋರಿಸುತ್ತದೆ. ನಾವು ಓದದೆ ‘ಸರಿ’ ಒತ್ತುತ್ತೇವೆ.

ನುಡಿಯನ್ನು ರೂಪಿಸಿದ್ದು ಕನ್ನಡ ಗಣಕ ಪರಿಷತ್ತು. ಅದರ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದು. ಯಾವ ಕೀಲಿಗೆ ಯಾವ ಅಕ್ಷರ ಎಂಬ ಆ ಜೋಡಣೆ ವಿಂಡೋಸ್‌ನ ಸ್ವತ್ತಲ್ಲ. ಲಿನಕ್ಸ್‌ನಲ್ಲೂ ‘ಕೆಜಿಪಿ’ ಎಂಬ ಹೆಸರಿನಲ್ಲಿ ಸಿಗುತ್ತದೆ.

ನುಡಿಯ ಹಳೆಯ ಫಾಂಟಿನಲ್ಲಿ ಟೈಪಾದ ಫೈಲು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ‘ವೈರಸ್ ಬಂದಿದೆ’ ಎನ್ನುವವರಿದ್ದಾರೆ. ವೈರಸ್ ಅಲ್ಲ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಚಿತ್ರ ಮಾಯ, ಉಳಿಯುವುದು ಇಂಗ್ಲಿಷ್. ಪಿಡಿಎಫ್ ಮಾಡಿದರೆ ಓದಲು ಬರುತ್ತದೆ ನಿಜ, ಆದರೆ ಅದರಿಂದ ಒಂದು ಸಾಲು ನಕಲು ಮಾಡಿ ವಾಟ್ಸಾಪಿಗೆ ಹಾಕಿ ನೋಡಿ, ಮತ್ತೆ ಅದೇ ಗೋಳು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಲ್ಲೇ ಸಿಕ್ಕಿದೆ. ಯೂನಿಕೋಡ್ ಕನ್ನಡ ಆಂಡ್ರಾಯ್ಡ್, ಐಫೋನ್, ವಿಂಡೋಸ್, ಲಿನಕ್ಸ್ ಎಲ್ಲದರಲ್ಲೂ ಒಂದೇ. ಹೊಸ ನುಡಿಯಲ್ಲೂ ಯೂನಿಕೋಡ್ ಇದೆ. ಹಾಗಾಗಿ ಸೂಚನೆ ಬರೆಯುವವರು ‘ನುಡಿಯಲ್ಲಿ’ ಎನ್ನುವ ಬದಲು ‘ಯೂನಿಕೋಡ್ ಕನ್ನಡದಲ್ಲಿ’ ಎಂದರೆ ಸಾಕು, ಅರ್ಧ ತಾಪತ್ರಯ ಮುಗಿಯಿತು. ಆಮೇಲೆ ಹಂತಗಳನ್ನು ಹೇಳುವುದಿದ್ದರೆ ಯಾವ ಸಾಧನಕ್ಕೆ ಎಂದು ಮೊದಲೇ ಬರೆಯಬೇಕು. ಫೋನಿನಲ್ಲಿ ಡಬಲ್ ಕ್ಲಿಕ್ ಎಲ್ಲಿಂದ ಬರಬೇಕು?

ಆ ವಿದ್ಯಾರ್ಥಿನಿ ಹೊಸದೇನನ್ನೂ ಹಾಕಿಕೊಳ್ಳಬೇಕಿಲ್ಲ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುವ ಜಿಬೋರ್ಡ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಐಫೋನಿನಲ್ಲಾದರೆ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್ ಎಂದು ಹೋಗಿ ಸೇರಿಸಿಕೊಳ್ಳಬಹುದು.