ಮಗು ನೋಡುವವರು ಹೆಚ್ಚು ಕೇಳಿದರೆ ಮುನಿಸೇಕೆ?

ಶಾಲೆಯ ವ್ಯಾನಿನವರು ಜೂನ್‌ನಲ್ಲಿ ಬಾಡಿಗೆ ಏರಿಸಿದರೆ ನಾವು ಮರುಮಾತಾಡದೆ ಕೊಡುತ್ತೇವೆ. ಅಡಿಕೆ ಕೊಯ್ಯುವವರ ಕೂಲಿ ಏರಿದರೆ ಗೊಣಗಿಯಾದರೂ ಕೊಡುತ್ತೇವೆ. ಆದರೆ ನಮ್ಮ ಮಗುವನ್ನು ಬೆಳಗ್ಗಿನಿಂದ ಸಂಜೆಯವರೆಗೆ ನೋಡಿಕೊಳ್ಳುವ ಪಕ್ಕದ ಮನೆಯ ಹೆಂಗಸು ತಿಂಗಳಿಗೆ ಐನೂರು ಹೆಚ್ಚು ಕೇಳಿದರೆ, "ನಾವು ಹಳಬರಲ್ಲವಾ? ನಮ್ಮ ಹತ್ತಿರವೂ ಲೆಕ್ಕವಾ?" ಎನ್ನುತ್ತೇವೆ.

ಹೌದು, ಲೆಕ್ಕವೇ. ಕುಂಬ್ಡಾಜೆಯಿಂದ ಬದಿಯಡ್ಕ, ಮುಳ್ಳೇರಿಯ, ಕಾಸರಗೋಡಿಗೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ಬೇರೆ ದಾರಿ ಏನಿದೆ? ಅಂಗನವಾಡಿಯ ತರಗತಿಗೆ ಮಗುವಿಗೆ ಮೂರು ವರ್ಷ ತುಂಬಬೇಕು, ಮಧ್ಯಾಹ್ನ ಮೂರೂವರೆಗೆ ಅದು ಮುಚ್ಚುತ್ತದೆ. 2017ರ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾನೂನು ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿದ್ದು 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಮಾತ್ರ. ನಾಲ್ಕು ಜನರ ಬಟ್ಟೆ ಅಂಗಡಿಗೆ ಅದು ಅನ್ವಯಿಸುವುದಿಲ್ಲ. ಉಳಿಯುವುದು ಆ ಪಕ್ಕದ ಮನೆಯೇ.

ಮಗು ನೋಡುವುದು ಕೆಲಸವೇ ಅಲ್ಲ ಎನ್ನುವವರು 2005ರ ಉದ್ಯೋಗ ಖಾತರಿ ಕಾಯ್ದೆಯನ್ನು ನೋಡಲಿ. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದು ಅದು ಹೇಳಿತ್ತು. ಕೇರಳದಲ್ಲಿ ಆ ಕೂಲಿ ದಿನಕ್ಕೆ 2023-24ರಲ್ಲಿ 333 ರೂಪಾಯಿ, ಮರುವರ್ಷ 346, 2025-26ರಲ್ಲಿ 369. ಯಾರೂ ದಾಕ್ಷಿಣ್ಯ ಬಿಟ್ಟು ಕೇಳಬೇಕಾಗಿರಲಿಲ್ಲ, ಏಪ್ರಿಲ್ ಬಂದರೆ ದರ ಬದಲಾಗುತ್ತಿತ್ತು. ಬೀಡಿ ಕಟ್ಟುವವರಿಗೂ ತುಟ್ಟಿಭತ್ಯೆ ಇದೆ. ಮಗು ನೋಡುವವಳಿಗೆ ಮಾತ್ರ ಇರುವುದು ನಮ್ಮ ಮುಖದ ಸಿಟ್ಟು.

ದೀನಿನ ಮಾತು ಬೇಕೆ? ತಲಾಖ್ ಆದ ತಾಯಿ ತನ್ನದೇ ಮಗುವಿಗೆ ಹಾಲುಣಿಸಿದರೂ ಅವಳಿಗೆ ಪ್ರತಿಫಲ ಕೊಡಬೇಕು, ಅದನ್ನು ಪರಸ್ಪರ ಸಮಾಲೋಚಿಸಿ ಮಾಡಬೇಕು ಎಂಬುದು ಸೂರಃ ತಲಾಖ್‌ನ ಆರನೇ ಆಯತ್‌ನ ಆದೇಶ. ಹೆತ್ತವಳಿಗೇ ಹಾಗಾದರೆ, ನೆರೆಯವಳಿಗೆ "ನಮ್ಮವಳು" ಎಂಬ ಹೆಸರಿನಲ್ಲಿ ಕಡಿಮೆ ಕೊಡುವುದು ಯಾವ ನ್ಯಾಯ?

"ನನ್ನ ಸಂಬಳವೇ ಅಷ್ಟಕ್ಕಷ್ಟೆ" ಎನ್ನುವ ತಾಯಿಯ ಕಷ್ಟ ಸುಳ್ಳಲ್ಲ. ಆದರೆ ಈ ಖರ್ಚನ್ನು ತಾಯಿಯ ಸಂಬಳದಿಂದಲೇ ಕಳೆಯಬೇಕೆಂದು ಯಾರು ಹೇಳಿದರು? ಮಗು ಇಬ್ಬರದ್ದು. ಗಲ್ಫಿನಿಂದ ಬರುವ ಹಣದಲ್ಲಿ ಮನೆಗೆ ಟೈಲ್ಸ್ ಹಾಕಲು ಸಾಧ್ಯವಾದರೆ ಇದೂ ಸಾಧ್ಯ. ನಿಜವಾಗಿ ಆಗದಿದ್ದರೆ ಗಂಟೆ ಕಡಿಮೆ ಮಾಡಿ, ಅವಳ ಕೂಲಿಯನ್ನಲ್ಲ.

ಮಗು ನೋಡುವವರಿಗೂ ಒಂದು ಮಾತು. ಹೊಸಬರಿಂದ ಹೆಚ್ಚು ತೆಗೆದುಕೊಂಡು ಹಳಬರ ಮುಂದೆ ಸುಮ್ಮನಿರಬೇಡಿ. ಒಳಗೊಳಗೇ ಬೇಸರ ಬೆಳೆದು ಒಂದು ದಿನ "ನಾಳೆಯಿಂದ ಆಗಲ್ಲ" ಎಂದರೆ, ಅಭ್ಯಾಸವಾದ ಮಡಿಲು ಕಳೆದುಕೊಳ್ಳುವುದು ಮಗು. ವರ್ಷಕ್ಕೊಮ್ಮೆ, ಒಂದೇ ತಿಂಗಳಲ್ಲಿ, ಎಲ್ಲರಿಗೂ ಒಂದೇ ದರ ಹೇಳಿ. ಒಂದು ತಿಂಗಳು ಮೊದಲೇ ಹೇಳಿ. ಹಾಲು, ಗ್ಯಾಸ್, ಅಕ್ಕಿಯ ಬೆಲೆ ಹೇಳಿ ಕಾರಣ ಕೊಡಿ, ಕ್ಷಮೆ ಕೇಳಬೇಡಿ.

ಇನ್ನು ನಾವು. ಅವಳು ಕೇಳುವವರೆಗೆ ಕಾಯುವುದೇಕೆ? ಈ ವರ್ಷ ಎಷ್ಟು ಹೆಚ್ಚಿಸೋಣ ಎಂದು ನಾವೇ ಮೊದಲು ಕೇಳೋಣ.