ಮುಚ್ಚಿದ ಶಾಲೆಯ ಮುಗಿಯದ ಕೆಲಸ

ಕೋವಿಡ್ ಮಹಾಮಾರಿಯ ಕಾಲದ ಸಂಕಟಗಳನ್ನು ಜನ ಮರೆಯತೊಡಗಿದ್ದಾರೆ. ಮರೆಯುವುದು ಮನುಷ್ಯಸ್ವಭಾವವಾದ್ದರಿಂದ ಅದಕ್ಕಾಗಿ ಯಾರನ್ನೂ ದೂಷಿಸಬೇಕಾಗಿಲ್ಲ. ಆದರೆ 2020ರ ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯದ ಶಾಲೆಗಳ ಬಾಗಿಲು ಮುಚ್ಚಿದಂದಿನಿಂದ 2021ರ ಅಕ್ಟೋಬರ್ 25ರಂದು ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು ಮತ್ತೆ ಒಳಗೆ ಕಾಲಿಟ್ಟ ತನಕ, "ಮೇಷ್ಟ್ರುಗಳಿಗೇನಪ್ಪ, ಮನೇಲಿ ಕೂತು ಸಂಬಳ" ಎಂಬ ಮಾತು ಹಳ್ಳಿಯ ಕಟ್ಟೆಯಿಂದ ಹಿಡಿದು ನಗರದ ಪಡಸಾಲೆಯವರೆಗೆ ಕೇಳಿಬರುತ್ತಿದ್ದುದನ್ನು ಮಾತ್ರ ಮರೆತುಬಿಡುವುದು ನ್ಯಾಯವಲ್ಲ. ಏಕೆಂದರೆ ಆ ಕಾಲದಲ್ಲಿ ಉಪಾಧ್ಯಾಯವರ್ಗಕ್ಕೆ ಒದಗಿದ ಬಳಲಿಕೆಯಲ್ಲಿ ದುಡಿಮೆಯ ಪಾಲು ಎಷ್ಟೋ, ದುಡಿಯುತ್ತಿದ್ದವರನ್ನೇ ಸೋಮಾರಿಗಳೆಂದು ಕರೆದ ಈ ಮಾತಿನ ಪಾಲೂ ಅಷ್ಟೇ ಎಂಬುದು ನನ್ನ ಅಭಿಪ್ರಾಯ.

ಬರ್ನ್‌ಔಟ್ ಎಂದು ಈಗ ಎಲ್ಲರೂ ಕರೆಯುವ ಈ ಅವಸ್ಥೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯನ್ನು ಅಂಗೀಕರಿಸಿದಾಗ ವ್ಯಾಧಿಯೆಂದು ಎಣಿಸದೆ ವೃತ್ತಿಸಂಬಂಧವಾದ ವಿದ್ಯಮಾನವೆಂದು ನಿರೂಪಿಸಿತು. ಕೆಲಸದ ಒತ್ತಡವು ಸರಿಯಾದ ನಿರ್ವಹಣೆಯಿಲ್ಲದೆ ಬಹುಕಾಲ ಮುಂದುವರಿದರೆ ಶಕ್ತಿ ಬತ್ತುತ್ತದೆ, ವೃತ್ತಿಯ ವಿಷಯದಲ್ಲಿ ಮನಸ್ಸು ವಿಮುಖವಾಗುತ್ತದೆ, ತನ್ನ ಸಾಮರ್ಥ್ಯದಲ್ಲೇ ನಂಬಿಕೆ ಕುಂದುತ್ತದೆ ಎಂಬುದು ಅದರ ಸಾರಾಂಶ. ಇದರ ತಾತ್ಪರ್ಯವನ್ನು ನಮ್ಮ ಶಿಕ್ಷಣಾಧಿಕಾರಿಗಳು ಗ್ರಹಿಸಿದ್ದರೆ, ಬಳಲಿದ ಶಿಕ್ಷಕರಿಗೆ ಒತ್ತಡನಿವಾರಣೆಯ ಉಪನ್ಯಾಸವನ್ನು ಆನ್‌ಲೈನಿನಲ್ಲಿ ಏರ್ಪಡಿಸಿ, ಅದಕ್ಕೆ ಹಾಜರಾದ ಬಗ್ಗೆ ಫೋಟೋ ಕಳುಹಿಸಿರೆಂದು ಕೇಳುವ ವಿನೋದಕ್ಕೆ ಅವಕಾಶವಿರುತ್ತಿರಲಿಲ್ಲ. ಕಾಯಿಲೆ ಇದ್ದದ್ದು ಕೆಲಸದ ಏರ್ಪಾಟಿನಲ್ಲಿ. ಮದ್ದು ಅರೆದದ್ದು ಮೇಷ್ಟರಿಗೆ.

ಆ ಏರ್ಪಾಟು ಎಂತಹುದಾಗಿತ್ತೆಂಬುದಕ್ಕೆ 2020ರ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯೊಂದೇ ಸಾಕಷ್ಟು ನಿದರ್ಶನವನ್ನು ಒದಗಿಸುತ್ತದೆ. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮಕ್ಕಳಿದ್ದೆಡೆಗೆ ಹೋಗಲೆಂಬ ಅದರ ಉದ್ದೇಶ ಉದಾತ್ತವಾದದ್ದೇ. ಅದನ್ನು ಹೀಗಳೆಯುವವನು ನಾನಲ್ಲ. ಸ್ಮಾರ್ಟ್‌ಫೋನು ಉಳ್ಳ ಮಕ್ಕಳು, ಮಾತಾಡುವ ಫೋನಷ್ಟೇ ಉಳ್ಳ ಮಕ್ಕಳು, ಯಾವುದೂ ಇಲ್ಲದ ಮಕ್ಕಳು ಎಂದು ವಿಂಗಡಿಸಿಕೊಂಡು, ಅರಳಿಕಟ್ಟೆಯಲ್ಲಿ, ಗುಡಿಯ ಜಗಲಿಯಲ್ಲಿ, ಯಾರದೋ ಮನೆಯ ಅಂಗಳದಲ್ಲಿ ಸಣ್ಣ ಸಣ್ಣ ಗುಂಪುಗಳನ್ನು ಕೂಡಿಸಿ ಪಾಠ ಹೇಳತಕ್ಕದ್ದೆಂಬ ಆಜ್ಞೆಯಾಯಿತು. ಒಂದೇ ಪಾಠವನ್ನು ಕೇರಿಯಿಂದ ಕೇರಿಗೆ ಹೋಗಿ ಮತ್ತೆ ಮತ್ತೆ ಹೇಳಿ, ಸಂಜೆ ಮನೆಗೆ ಬಂದು, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದುಬಿದ್ದಿದ್ದ ಹಾಳೆಗಳ ಮಸುಕು ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ತಿದ್ದಿ, ಆ ದಿನದ ವರದಿಯನ್ನು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಗೆ ರವಾನಿಸುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಮಲೆನಾಡಿನಲ್ಲಾದರೆ ನೆಟ್‌ವರ್ಕ್ ಸಿಗುವ ಗುಡ್ಡದ ನೆತ್ತಿಗೆ ಏರುವ ಕೆಲಸ ಇದರ ಮೇಲೆ ಬೇರೆ. ರೀಚಾರ್ಜಿನ ಖರ್ಚು ಸ್ವಂತದ್ದು. ಇಷ್ಟಾಗಿ ಅಕ್ಟೋಬರ್ ತಿಂಗಳಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದು, ಸಾರ್ವಜನಿಕರ ಕೂಗೆದ್ದು, ಯೋಜನೆಯನ್ನು ನಿಲ್ಲಿಸಲಾಯಿತು. 2021ರ ಜನವರಿ 1ರಂದು ಪರಿಷ್ಕೃತ ರೂಪದಲ್ಲಿ ಅದು ಪುನಃ ಬಂದಿತು. ನಡೆಸಿದ ಆಜ್ಞೆಯನ್ನೂ ನಿಲ್ಲಿಸಿದ ಆಜ್ಞೆಯನ್ನೂ ಒಂದೇ ವಿಧೇಯತೆಯಿಂದ ಪಾಲಿಸಿದವರು, ಮೊದಲನೆಯ ಸಲ ರೋಗ ಹರಡಿಸಿದವರೆಂಬ ನಿಂದೆಗೂ ಎರಡನೆಯ ಸಲ ಪಾಠ ತಪ್ಪಿಸಿಕೊಂಡವರೆಂಬ ನಿಂದೆಗೂ ಸಮಾನವಾಗಿ ಪಾತ್ರರಾದರು.

ಪಾಠವೊಂದೇ ಆಗಿದ್ದಿದ್ದರೆ ಇದನ್ನೆಲ್ಲ ಸಹಿಸಬಹುದಾಗಿತ್ತು. 2009ರ ಶಿಕ್ಷಣದ ಹಕ್ಕು ಕಾಯಿದೆಯ 27ನೆಯ ಪ್ರಕರಣವು ಶಿಕ್ಷಕರನ್ನು ಶೈಕ್ಷಣಿಕೇತರ ಕಾರ್ಯಗಳಿಗೆ ನಿಯೋಜಿಸಕೂಡದೆಂದು ವಿಧಿಸಿ, ಹತ್ತು ವರ್ಷಗಳಿಗೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರಕ್ಕೆ ಮಾತ್ರ ವಿನಾಯಿತಿಯನ್ನು ಕೊಟ್ಟಿದೆ. ಮಹಾಮಾರಿಯು ವಿಪತ್ತೆಂಬುದರಲ್ಲಿ ಸಂಶಯವಿಲ್ಲ. ಆದಕಾರಣ ಮನೆಮನೆಯ ಆರೋಗ್ಯ ಸಮೀಕ್ಷೆ, ಸೋಂಕಿತರ ಸಂಪರ್ಕಕ್ಕೆ ಬಂದವರ ಪತ್ತೆ, ಚೆಕ್‌ಪೋಸ್ಟಿನ ಕಾವಲು, ಬಿಸಿಯೂಟಕ್ಕೆ ಬದಲಾಗಿ ಅಕ್ಕಿಬೇಳೆಗಳ ವಿತರಣೆ, ಎಲ್ಲವೂ ಈ ಒಂದು ಕಿಂಡಿಯ ಮೂಲಕ ಉಪಾಧ್ಯಾಯರ ಹೆಗಲಿಗೆ ಬಂದಿಳಿದವು. ಕಾಯಿದೆಯು ವಿಪತ್ತು ಎಂದು ಹೇಳಿತೇ ಹೊರತು ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು, ಯಾವ ರಕ್ಷಣೆಯೊಂದಿಗೆ ಎಂಬುದನ್ನು ಹೇಳಲಿಲ್ಲ. ಹೇಳದ ಕಡೆಯಲ್ಲೆಲ್ಲ ತಹಶೀಲ್ದಾರರ ಮೌಖಿಕ ಆಜ್ಞೆಯೇ ಶಾಸನವಾಯಿತು.

ಚುನಾವಣೆಯ ಪ್ರಕರಣ ಇದಕ್ಕಿಂತ ದಾರುಣ. ಎರಡನೆಯ ಅಲೆ ಮೇಲೇಳುತ್ತಿದ್ದ 2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೂ ಬಸವಕಲ್ಯಾಣ, ಮಸ್ಕಿ ವಿಧಾನಸಭಾ ಕ್ಷೇತ್ರಗಳಿಗೂ ಉಪಚುನಾವಣೆ ನಡೆಯಿತು. ಮತಗಟ್ಟೆಗೆ ಹೋಗಿಬಂದ ಶಿಕ್ಷಕರ ಮರಣವಾರ್ತೆಗಳು ಅದರ ಬೆನ್ನಿಗೇ ಪತ್ರಿಕೆಗಳಲ್ಲಿ ಬಂದವು. ಉತ್ತರ ಪ್ರದೇಶದಲ್ಲಿ ಅದೇ ತಿಂಗಳು ಪಂಚಾಯತಿ ಚುನಾವಣೆ ನಡೆದು, ಕರ್ತವ್ಯಕ್ಕೆ ಹೋಗಿ ಸತ್ತವರು 1,621 ಮಂದಿಯೆಂದು ಅಲ್ಲಿನ ಶಿಕ್ಷಕ ಸಂಘ ಪಟ್ಟಿ ಕೊಟ್ಟರೆ, ಸರ್ಕಾರದ ಶಿಕ್ಷಣ ಇಲಾಖೆ ಮೊದಲಿಗೆ ಒಪ್ಪಿದ್ದು ಮೂವರನ್ನು. ಮನೆ ಬಿಟ್ಟು ಹೊರಟ ಗಳಿಗೆಯಿಂದ ಮನೆಗೆ ಮರಳಿದ ಗಳಿಗೆಯವರೆಗೆ ಮಾತ್ರ ಕರ್ತವ್ಯವೆಂಬುದು ನಿಯಮವಂತೆ! ಸೋಂಕು ತಗುಲಿದ ಮೇಲೆ ಸಾಯುವುದಕ್ಕೆ ಕೆಲವು ದಿನ ಹಿಡಿಯುತ್ತದೆಂಬುದನ್ನು ನಿಯಮ ಬರೆದವರು ಯೋಚಿಸಿರಲಿಲ್ಲ. ಬಹಳ ಗದ್ದಲವಾದ ಮೇಲೆ ಆ ಸರ್ಕಾರ ನಿಯಮವನ್ನು ಸಡಿಲಿಸಿತೆಂಬುದನ್ನೂ ಹೇಳಬೇಕು.

ಖಾಸಗಿ ಅನುದಾನರಹಿತ ಶಾಲೆಗಳವರ ಪಾಡು ಬೇರೆಯೇ ಬಗೆಯದು. ಅವರಿಗೆ ಕೆಲಸದ ಹೊರೆಯ ಜೊತೆಗೆ ಸಂಬಳದ ಅಭಾವವೂ ಇತ್ತು. ಅರ್ಧ ಸಂಬಳಕ್ಕೆ ಪೂರ್ತಿ ದಿನ ಗೂಗಲ್ ಮೀಟ್ ಮುಂದೆ ಕೂತವರು, ತರಕಾರಿ ಮಾರಿದವರು, ಕೂಲಿಗೆ ಹೋದವರು ಇದ್ದರು. 2021ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ಇವರಿಗೆ ಒಂದು ಬಾರಿಯ ನೆರವೆಂದು ಘೋಷಿಸಿದ್ದು ತಲಾ 5,000 ರೂಪಾಯಿ. ಶಿಕ್ಷಕಿಯರ ವಿಷಯವನ್ನು ಕೇಳುವುದೇ ಬೇಡ: ತಮ್ಮ ಮಕ್ಕಳ ಕೈಯಲ್ಲಿದ್ದ ಫೋನನ್ನು ಕಸಿದುಕೊಂಡು ಊರ ಮಕ್ಕಳಿಗೆ ಪಾಠ ಹೇಳಿ, ಅಡುಗೆಮನೆಯ ಕುಕ್ಕರಿನ ಸದ್ದಿಗೆ ಮೈಕನ್ನು ಮ್ಯೂಟ್ ಮಾಡಿಕೊಂಡು ಎರಡು ಸಂಸಾರಗಳನ್ನು ಅವರು ಏಕಕಾಲಕ್ಕೆ ನಡೆಸಿದರು.

ಶಾಲೆ ತೆರೆದ ಮೇಲೆ ಮಕ್ಕಳ ಕಲಿಕೆಯ ನಷ್ಟವನ್ನು ತುಂಬಿಕೊಡಲು 2022–23ರ ಸಾಲಿಗೆ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮ ಬಂದಿತು. ಅದು ಅವಶ್ಯವಾಗಿಯೇ ಇತ್ತು. ಆದರೆ ಕಲಿಸುವವರ ಚೇತರಿಕೆಯ ಪ್ರಸ್ತಾಪವನ್ನು ಯಾರೂ ಮಾಡಲಿಲ್ಲ. ಅವರ ಪಾಲಿಗೆ ಬಂದದ್ದು ಹೊಸ ಹಾಳೆಗಳು, ಹೊಸ ತರಬೇತಿ, ತುಂಬಬೇಕಾದ ಹೊಸ ನಮೂನೆಗಳು. ವಿಪತ್ತಿನ ಕಾಲಕ್ಕೆಂದು ಮಾಡಿಕೊಂಡ ರೂಢಿ ವಿಪತ್ತು ತೀರಿದ ಮೇಲೂ ತೀರುವುದಿಲ್ಲವೆಂಬುದಕ್ಕೆ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನೇ ನೋಡಬಹುದು: ಗಣತಿದಾರರಾಗಿ ಹೋದ ಶಿಕ್ಷಕರ ಕೆಲಸ ಮುಗಿಯದ ಕಾರಣ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸಮೀಕ್ಷೆ ಬೇಕೇ ಬೇಡವೇ ಎಂಬುದು ಇಲ್ಲಿಯ ಚರ್ಚೆಯಲ್ಲ. ಎಣಿಸುವ ಕೆಲಸ ಯಾವುದೇ ಇರಲಿ, ಮೊದಲು ನೆನಪಾಗುವವರು ಮೇಷ್ಟರೇ ಏಕೆಂಬುದು ಚರ್ಚೆ.

ಆದುದರಿಂದ ಬೇಡಿಕೆ ದೊಡ್ಡದೇನೂ ಅಲ್ಲ. 27ನೆಯ ಪ್ರಕರಣದ ವಿನಾಯಿತಿಗೆ ಅವಧಿಯ ಮಿತಿಯನ್ನು ನಿಯಮಗಳಲ್ಲಿ ಬರೆಯತಕ್ಕದ್ದು; ಅಪಾಯವುಳ್ಳ ಕರ್ತವ್ಯಕ್ಕೆ ವಿಮೆಯನ್ನು ಹೊರಡುವ ಮೊದಲೇ ಒದಗಿಸತಕ್ಕದ್ದು; ಆಜ್ಞೆಯು ರಾತ್ರಿ ಹತ್ತು ಗಂಟೆಯ ವಾಟ್ಸ್ಆ್ಯಪಿನಲ್ಲಿ ಬರದೆ ಲಿಖಿತವಾಗಿ, ಹಗಲು ಹೊತ್ತಿನಲ್ಲಿ ಬರತಕ್ಕದ್ದು. ಇವೆಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗುಮಾಸ್ತನೆಂಬವನು ಇಲ್ಲದಿರುವುದರಿಂದ ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ವಿದ್ಯಾರ್ಥಿಗಳ ವಿವರ ದಾಖಲಿಸುವ ಎಸ್‌ಎಟಿಎಸ್ ತಂತ್ರಾಂಶದ ನಮೂದು ಎಲ್ಲವನ್ನೂ ಪಾಠದ ಹೊತ್ತಿನಲ್ಲೇ ಮುಖ್ಯೋಪಾಧ್ಯಾಯರು ನಿರ್ವಹಿಸಬೇಕಾಗಿದೆ; ಶಾಲೆಗೊಬ್ಬನಲ್ಲದಿದ್ದರೂ ಕ್ಲಸ್ಟರಿಗೊಬ್ಬ ಗುಮಾಸ್ತನನ್ನಾದರೂ ನೇಮಿಸಬಹುದು. ಬೊಕ್ಕಸಕ್ಕೆ ಹೊರೆಯಾಗುತ್ತದೆಂಬ ಆಕ್ಷೇಪಣೆ ಬಂದೇ ಬರುತ್ತದೆ. ಹೊರೆ ಈಗಲೂ ಇದೆ. ಲೆಕ್ಕ ಬರೆಯುವ ಕೆಲಸಕ್ಕೆ ಮೇಷ್ಟರ ಸಂಬಳವನ್ನು ಕೊಡುತ್ತಿದ್ದೇವೆ.